ಹನುಮವ್ವನ ಹೆಸರು ಬರೆದ ವರದಿ

1997ರಲ್ಲಿ ನಾನು ಮಂಗಳೂರಿನ ಸಾಂಬಾರ ಪದಾರ್ಥ ರಫ್ತು ಕಂಪನಿಯೊಂದರಲ್ಲಿ ಕ್ವಾಲಿಟಿ ಆಫೀಸರ್ ಆಗಿದ್ದೆ. ಶಿಕಾರಿಪುರ, ಸೊರಬ ತಾಲ್ಲೂಕುಗಳಿಂದ ಬರುವ ಒಣಶುಂಠಿಯ ತೇವಾಂಶ ನೋಡುವುದು, ಬೂಷ್ಟು ಹಿಡಿದಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಆ ವರ್ಷ ವಿದೇಶದ ಖರೀದಿದಾರರು ತಪಾಸಣೆಯ ಫಾರಂಗೆ ಹೊಸ ಪುಟವೊಂದನ್ನು ಸೇರಿಸಿದ್ದರು. ಸರಕು ಒದಗಿಸುವವರ ಬಳಿ ದುಡಿಯುವ ಜನ ತಮಗೆ ಬೇಕೆಂದಾಗ ಕೆಲಸ ಬಿಟ್ಟು ಹೋಗಬಹುದೇ ಎಂದು ವಿಚಾರಿಸಿ ಬರೆಯಬೇಕಿತ್ತು. ನಾವೆಲ್ಲ ವಿಚಾರಿಸದೆಯೇ ‘ಹೌದು’ ಎಂದು ಟಿಕ್ ಹಾಕುತ್ತಿದ್ದೆವು.

ಫೆಬ್ರವರಿಯ ಒಂದು ಮಧ್ಯಾಹ್ನ ಶಿರಾಳಕೊಪ್ಪದ ಹೊರಗಿದ್ದ ಚನ್ನವೀರಪ್ಪ ಎಂಬ ವ್ಯಾಪಾರಿಯ ಶುಂಠಿ ಕಣಕ್ಕೆ ಹೋದೆ. ಗೇಟಿಗೆ ಹೊರಗಿನಿಂದ ಬೀಗ ಹಾಕಿತ್ತು. ಒಳಗೆ ಹದಿನೆಂಟು ಜನ ಸಿಪ್ಪೆ ಹೆರೆಯುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ.

“ಬೀಗ ಯಾಕ್ರೀ?” ಎಂದು ಕೇಳಿದೆ.

“ಕಳ್ರ ಕಾಟ ಮೇಡಂ. ಇವ್ರನ್ನೆಲ್ಲ ಮನೆ ಮಕ್ಳಂಗೆ ನೋಡ್ಕೊಂಡೀನ್ರಿ,” ಎಂದರು ಚನ್ನವೀರಪ್ಪ.

ಕೆಲಸದವರನ್ನು ಏನು ಕೇಳಿದರೂ ಚನ್ನವೀರಪ್ಪನವರೇ ಉತ್ತರ ಕೊಡುತ್ತಿದ್ದರು. ನಾನು ತೊಟ್ಟಿಯ ಹತ್ತಿರ ಕೈ ತೊಳೆಯಲು ಹೋದಾಗ ಹನುಮವ್ವ ಎಂಬ ಹೆಂಗಸು ನೀರು ಹಾಕಿದಳು. ಹೆಸರು ಕೇಳಿದ್ದಕ್ಕೆ ಹೇಳಿ, ಮುಖ ಎತ್ತದೆಯೇ ಮಾತು ಮುಂದುವರಿಸಿದಳು.

“ನಮ್ಮವ್ವ ಸತ್ಲು ಅಂತ ಸುದ್ದಿ ಬಂತ್ರಿ ಅಕ್ಕಾರ. ಮಣ್ಣಿಗೂ ಬಿಡ್ಲಿಲ್ಲ. ನಮ್ ರೇಷನ್ ಕಾರ್ಡೆಲ್ಲ ಕಿತ್ತಿಟ್ಕೊಂಡಾರ.”

ತಿರುಗಿದೆ. ಚನ್ನವೀರಪ್ಪ ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದರು. ನನ್ನನ್ನಲ್ಲ, ಅವಳನ್ನು.

ಮಂಗಳೂರಿಗೆ ಮರಳಿ ವರದಿ ಬರೆದೆ. ಆಧಾರ ಬೇಕಲ್ಲ ಎಂದು ಅವಳ ಹೆಸರನ್ನೂ ಸೇರಿಸಿದೆ. ಒಂದು ವಾರದ ಮೇಲೆ ಮ್ಯಾನೇಜರ್ ಕರೆದು, “ಒಳ್ಳೇ ಕೆಲಸ ಮಾಡಿದ್ರಿ. ಆರ್ಡರ್ ರದ್ದು ಮಾಡಿದ್ದೇವೆ. ಪತ್ರದ ಜೊತೆ ನಿಮ್ಮ ವರದಿಯ ನಕಲನ್ನೂ ಚನ್ನವೀರಪ್ಪನವರಿಗೆ ಕಳಿಸಿದ್ದೇವೆ,” ಎಂದರು.

“ಆ ಜನರ ಗತಿ ಏನು ಸಾರ್?”

“ಅವರು ನಮ್ಮ ಕೆಲಸಗಾರರಲ್ಲವಲ್ಲ.”

ಸಿಕ್ಕ ಬಸ್ಸು ಹತ್ತಿ ಶಿರಾಳಕೊಪ್ಪಕ್ಕೆ ಹೊರಟೆ. ಹೋಗಿ ನೋಡಿದರೆ ಕಣದ ಗೇಟು ಹಾರು ಹೊಡೆದಿತ್ತು. ಅರ್ಧ ಹೆರೆದ ಶುಂಠಿ ರಾಶಿಯಾಗಿ ಬಿದ್ದಿತ್ತು. ಒಬ್ಬರೂ ಇರಲಿಲ್ಲ. “ನಿನ್ನೆ ಲಾರಿ ಬಂದಿತ್ರಿ. ಎಲ್ಲಾರ್ನೂ ತುಂಬ್ಕೊಂಡು ಸೊರಬದ ಕಡೆ ಹೋದ್ರು,” ಎಂದ ಎದುರಿನ ಚಹಾದಂಗಡಿಯವನು.

ತಾಲ್ಲೂಕು ಕಚೇರಿಗೆ ಓಡಿದೆ. ತಹಸೀಲ್ದಾರರು ಅಂದೇ ಹುಡುಕಲು ಜನ ಕಳಿಸಿದರು. ಒಂಬತ್ತನೇ ದಿನ ಸೊರಬ ತಾಲ್ಲೂಕಿನ ಇಟ್ಟಿಗೆ ಗೂಡೊಂದರಲ್ಲಿ ಹದಿನೇಳು ಜನ ಸಿಕ್ಕರು. ಜೀತದಿಂದ ಬಿಡುಗಡೆಯಾದ ಪತ್ರ ಕೊಟ್ಟು ಅವರನ್ನು ಊರಿಗೆ ಕಳಿಸಲಾಯಿತು. ಹನುಮವ್ವ ಅವರಲ್ಲಿರಲಿಲ್ಲ.

“ದಾರ್ಯಾಗ ಲಾರಿ ನಿಲ್ಸಿ ಅಕೀನ್ನ ಒಬ್ಬಾಕೀನ್ನೇ ಇಳಿಸ್ಕೊಂಡ್ರು,” ಎಂದಳು ಜೊತೆಗಿದ್ದ ಮುದುಕಿ. ಅವಳೇ ಓಡಿಹೋದಳೆಂದು ಚನ್ನವೀರಪ್ಪ ಪೊಲೀಸರಿಗೆ ಹೇಳಿಕೆ ಕೊಟ್ಟರು. ನಾನು ನಿವೃತ್ತಳಾದೆ; ಇಂದಿಗೂ ಅವಳ ಸುಳಿವು ಸಿಕ್ಕಿಲ್ಲ.

ಅದಾದ ಮೇಲೆ ನಾನು ಯಾವ ಕೆಲಸಗಾರರ ಹೆಸರನ್ನೂ ಕಾಗದಕ್ಕೆ ಇಳಿಸಲಿಲ್ಲ. ಅನುಮಾನ ಬಂದಲ್ಲಿ ಮೊದಲು ತಹಸೀಲ್ದಾರರನ್ನು ಕರೆಸಿ, ಜನ ಹೊರಗೆ ಬರುವ ತನಕ ಅಲ್ಲೇ ಇರುತ್ತಿದ್ದೆ. ಆರ್ಡರ್ ರದ್ದಿನ ಮಾತು ಆಮೇಲೆ. ವ್ಯಾಪಾರ ನಿಲ್ಲಿಸಿದರೆ ಕಂಪನಿ ಪಾರಾಗುತ್ತದೆ, ಒಳಗಿದ್ದವರು ಪಾರಾಗುವುದಿಲ್ಲ. ವರದಿಯ ನಕಲು ಕಳಿಸಿದ್ದು ಮ್ಯಾನೇಜರ್, ನಿಜ. ಅದರಲ್ಲಿ ಅವಳ ಹೆಸರು ಬರೆದವಳು ನಾನು.