ಪಾಯಪ್ಪ ಕಾಕಾನ ಧೈರ್ಯ

ನಾಳೆ ಮಿದುಳಿನ ಗಡ್ಡೆ ತೆಗೆದ ಮೇಲೆ ಮಗಳ ಹೆಸರು ನನಗೆ ನೆನಪಿರುತ್ತದೆಯೇ ಎಂಬ ಚಿಂತೆ ಬಿಡುತ್ತಿಲ್ಲ. ಅಂಜಿಕೆ ತಗ್ಗಲೆಂದು ಡಾಕ್ಟರು ಬರೆದ ಗುಳಿಗೆಯನ್ನು ತೇರದಾಳದ ಪಾಯಪ್ಪ ಕಾಕಾ ನರ್ಸಿಗೇ ಮರಳಿಸಿದರು: “ಗುಳಿಗಿ ಯಾಕವ್ವಾ, ನಾ ಇಲ್ಲೇನು?” ನಮ್ಮ ಬಳಗದಲ್ಲಿ ಯಾರಿಗೆ ಆಪರೇಷನ್ನಾದರೂ ಧೈರ್ಯ ಹೇಳುವ ಗುತ್ತಿಗೆ ಅವರದೇ. ಮಂಚದ ತುದಿಗೆ ಕೂತು, ಮುಧೋಳದ ಬೀಗರೊಬ್ಬರು ಇಂಥದೇ ಆಪರೇಷನ್ ಆದ ಮೇಲೆ ಹೆಂಡತಿಯನ್ನೇ “ನೀವು ಯಾರ್ರಿ?” ಎಂದು ಕೇಳಿದ್ದನ್ನು ಬಣ್ಣಿಸಿ, “ನೀ ಏನೂ ಅಂಜಬ್ಯಾಡ” ಎಂದು ಮುಗಿಸುತ್ತಾರೆ. ಅವರ ಧೈರ್ಯ ತಾಳಲಾರದೆ ಪಕ್ಕದ ಮಂಚದ ಅಜ್ಜಿ ವಾರ್ಡನ್ನೇ ಬದಲಿಸಿಕೊಂಡರು. ಕಾಕಾ ಚಹಾ ತರಲು ಎದ್ದಾಗ ಅವರ ಕಾಲು ನೋಡಿದೆ. ಒಂದರಲ್ಲಿ ತಮ್ಮ ಚಪ್ಪಲಿ, ಇನ್ನೊಂದರಲ್ಲಿ ಅವರ ಹೆಂಡತಿ ಕಾಕುವಿನದು. ಊರಿಂದ ಹಾಗೆಯೇ ಬಂದಿದ್ದಾರೆ. ಡಾಕ್ಟರಿಗೆ ಫೋನು ಮಾಡಿದೆ. “ಸರ್, ನನಗ ಭಾಳ ಅಂಜಿಕಿ ಆಗಾಕತ್ತೈತ್ರಿ. ಆ ಗುಳಿಗಿ ಕಳಸ್ರಿ. ನಮ್ಮ ಕಾಕಾಗೂ ಒಂದು ಬೇಕಾಗ್ತೈತ್ರಿ.”