‘ಹಲೋ’ ಮತ್ತು ಯಾರಿಗೂ ಗಾಯವಾಗದ ಚುನಾವಣೆ

ನನ್ನ ತಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದನ್ನು ಈಗ ಬಳಸುವವರು ಬ್ಯಾಂಕಿನವರು ಮಾತ್ರ. ಮಿಕ್ಕವರಿಗೆಲ್ಲ ಅವನು ‘ಹಲೋ’. ನಮ್ಮದು ಮೈಕ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ಸಂತಾಪ ಸಭೆ ಇರಲಿ, ಮೊದಲು ಮೈಕಿನ ಮುಂದೆ ನಿಂತು "ಹಲೋ, ಹಲೋ, ಒನ್ ಟೂ ತ್ರೀ" ಎನ್ನುವವನು ಅವನೇ. ಅಷ್ಟು ಹೇಳಿ ಪಕ್ಕಕ್ಕೆ ಸರಿದರೆ ಮುಗಿಯಿತು, ಆಮೇಲೆ ಮಾತಾಡುವುದೆಲ್ಲ ದೊಡ್ಡವರು. ಬುಕಿಂಗ್ ತೆಗೆದುಕೊಳ್ಳುವುದು, ವೈರು ಸುತ್ತಿಡುವುದು, ವೈರು ತುಳಿಯುವವರನ್ನು ಬೈಯುವುದು ನನ್ನ ಪಾಲಿನ ಕೆಲಸ. ಮೂರನೆಯದಕ್ಕೆ ನಾನು ಹೇಳಿಮಾಡಿಸಿದ ಹಾಗಿದ್ದೇನೆ ಎಂದು ತಮ್ಮನ ಹೆಂಡತಿ ನಗುತ್ತಾಳೆ.

ಅವನ ಕೆಲಸದ ರೀತಿಯೇ ಬೇರೆ. ಸೆಟ್ಟು ಜೋಡಿಸಿ, ಒಂದು ಹಾಡು ಹಾಕಿ, ಸಭಾಂಗಣದ ಕೊನೆಯ ಸಾಲಿನವರೆಗೆ ನಡೆದುಹೋಗುತ್ತಿದ್ದ. ಅಲ್ಲಿ ಕಣ್ಣು ಮುಚ್ಚಿ, ಸಾರಿಗೆ ಉಪ್ಪು ಸಾಕೇ ಎಂದು ನೋಡುವವರ ಹಾಗೆ ತಲೆ ವಾಲಿಸಿ ನಿಲ್ಲುತ್ತಿದ್ದ. ವಾಪಸು ಬಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಮತ್ತೆ ಹೋಗುತ್ತಿದ್ದ. "ಮುಂದೆ ಕೂತೋರಿಗೆ ಹೇಗಿದ್ರೂ ಕೇಳ್ಸುತ್ತೆ ಅಕ್ಕ, ಹಿಂದೆ ಕೂತೋರಿಗೂ ಕೇಳ್ಸಿದ್ರೇನೇ ಅದು ಮೈಕು" ಎನ್ನುತ್ತಿದ್ದ. ಅವನ ಸೆಟ್ಟು ಕಾರ್ಯಕ್ರಮದ ನಡುವೆ ಕಿರುಚಿದ್ದಾಗಲಿ ಕೈಕೊಟ್ಟದ್ದಾಗಲಿ ಇಲ್ಲವೇ ಇಲ್ಲ. ಅವನ ಅಕ್ಕ ಎಂಬ ಕಾರಣಕ್ಕೆ ಹೇಳುತ್ತಿಲ್ಲ, ನಮ್ಮನ್ನು ಕಂಡರಾಗದವರೂ ಇದನ್ನು ಒಪ್ಪುತ್ತಾರೆ.

ಈಗ ಹಾಗೆ ನಡೆದುಹೋಗಿ ಪ್ರಯೋಜನವಿಲ್ಲ. ಅವನ ಎಡಗಿವಿ ಹೋಗಿದೆ. ಒಂದೇ ಕಿವಿ ಇದ್ದರೆ ಶಬ್ದ ಯಾವ ಕಡೆಯಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲವಂತೆ. ಹಾಗಾಗಿ ಮೈಕಿನ ಮುಂದೆ ನಿಂತೇ, "ಹಿಂದೆ ಕೂತೋರಿಗೆ ಕೇಳಿಸ್ತಾ?" ಎಂದು ಕೇಳುತ್ತಾನೆ. ಹಾಗೆ ಕೇಳುವಾಗ ಅವನ ಮುಖ ನೋಡಲು ನನಗಾಗುವುದಿಲ್ಲ.

ಕಿವಿ ಹೋದದ್ದು ಚುನಾವಣೆಯಲ್ಲಿ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ, ಊರೆಲ್ಲ ಮೇಷ್ಟ್ರು ಎಂದು ಕರೆಯುವ ಒಬ್ಬರು ಅಭ್ಯರ್ಥಿಯಾಗಿ ನಿಂತಿದ್ದರು. ಅವರ ಪ್ರಚಾರದ ಗಾಡಿಗೆ ಮೈಕು ನಮ್ಮದು. ಕೊನೆಯ ವಾರ, ಮಾರುಕಟ್ಟೆಯ ತಿರುವಿನಲ್ಲಿ ಎದುರು ಪಕ್ಷದವರು ಗಾಡಿ ಅಡ್ಡಗಟ್ಟಿದರು. ನಮ್ಮ ಬೀದಿಯವನೇ ಆದ ಟೈರ್ ಅಂಗಡಿಯವನು ಗಾಡಿ ಹತ್ತಿ ಹಾರ್ನ್ ಕಿತ್ತ. ಹಾರ್ನ್ ಎಂದರೆ ಆ ಅಗಲ ಬಾಯಿಯ ತಗಡಿನ ಸ್ಪೀಕರು. ತಮ್ಮ ಅದನ್ನು ಬಿಡಿಸಿಕೊಳ್ಳಲು ಹೋದ. ಅವನು ಅದೇ ಹಾರ್ನಿನಿಂದ ಇವನ ಕಿವಿಯ ಮೇಲೆ ಬಾರಿಸಿದ. ಇದೆಲ್ಲ ನಡೆದದ್ದು ಕುರ್ಚಿ ಬಾಡಿಗೆಗೆ ಕೊಡುವವರ ಅಂಗಡಿಯ ಎದುರಿಗೆ. ಮದುವೆ ಇರಲಿ, ಸಭೆ ಇರಲಿ, ಅವರೂ ನಾವೂ ವರ್ಷಗಟ್ಟಲೆಯಿಂದ ಒಂದೇ ಬಾಗಿಲಲ್ಲಿ ಸಾಮಾನು ಇಳಿಸಿದವರು. ಪೊಲೀಸರು ಕೇಳಿದಾಗ ಆ ಕುರ್ಚಿಯವರು, "ನಾನು ಬಗ್ಗಿ ಕುರ್ಚಿ ಒರೆಸ್ತಿದ್ದೆ, ಏನೂ ಕಾಣ್ಲಿಲ್ಲ" ಎಂದುಬಿಟ್ಟರು.

ಮೇಷ್ಟ್ರು ಅಂದೇ ಆಸ್ಪತ್ರೆಗೆ ಬಂದರು. ತಮ್ಮನ ಕೈ ಹಿಡಿದುಕೊಂಡು, "ಇದನ್ನ ಸುಮ್ನೆ ಬಿಡಬಾರದು ಕಣಯ್ಯ. ದೂರು ಕೊಡು. ನಿನ್ನ ಹಿಂದೆ ನಾನಿದ್ದೀನಿ" ಎಂದರು. ನನ್ನ ತಮ್ಮ ಜಗಳಗಂಟನಲ್ಲ. ಮನೆಯಲ್ಲಿ ಆ ಗುಣವೆಲ್ಲ ನನ್ನ ಪಾಲಿಗೇ ಬಂದಿದೆ. ಅವರ ಮಾತಿನ ಮೇಲೆ ಅವನು ದೂರು ಕೊಟ್ಟ. ಬ್ಯಾಂಡೇಜು ಸುತ್ತಿದ ಅವನ ಮುಖ ಮೇಷ್ಟ್ರ ಪ್ರಚಾರದ ಕರಪತ್ರದ ಮೇಲೆ ಅಚ್ಚಾಗಿ ಮನೆಮನೆಗೂ ಹೋಯಿತು. ನಮ್ಮ ಮನೆಗೂ ಒಂದು ಬಂತು.

ಮೇಷ್ಟ್ರು ಸೋತರು. ಫಲಿತಾಂಶ ಬಂದ ಸಂಜೆ ಪ್ರಚಾರ ಕಚೇರಿಯ ಮುಂದೆ ನಿಂತು ಮಾತಾಡಿದರು. ಮೈಕು ನಮ್ಮದೇ. ನನ್ನ ತಮ್ಮ ತಲೆಗೆ ಪಟ್ಟಿ ಕಟ್ಟಿಕೊಂಡೇ ಆಂಪ್ಲಿಫೈಯರಿನ ಪಕ್ಕ ನಿಂತಿದ್ದ. "ಜನರ ತೀರ್ಪಿಗೆ ತಲೆಬಾಗುತ್ತೇನೆ. ಗೆದ್ದವರು ನನ್ನ ಶತ್ರುವಲ್ಲ, ಒಡಹುಟ್ಟಿದವರ ಸಮಾನ. ಇಂದಿನಿಂದ ಅವರು ನನಗೂ ಪ್ರತಿನಿಧಿ" ಎಂದರು. ಇಷ್ಟು ಕೇಳಿ ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ, "ಒಬ್ಬರ ಮೈಗೂ ಗಾಯವಾಗದಂತೆ ಈ ಚುನಾವಣೆ ನಡೆಸಿಕೊಟ್ಟ ಎರಡೂ ಕಡೆಯ ಕಾರ್ಯಕರ್ತರಿಗೆ ನಾನು ಋಣಿ" ಎಂದರು. ಅವರಿಗೂ ನನ್ನ ತಮ್ಮನಿಗೂ ನಡುವೆ ಇದ್ದದ್ದು ಒಂದು ಮೇಜು. ಅವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಆ ವಾಕ್ಯವನ್ನೂ ಊರಿಗೆಲ್ಲ ಕೇಳಿಸಿದ.

ಮಾರನೆಯ ದಿನದಿಂದ ಊರಿಗೆ ಬೇರೆ ಮಾತೇ ಇರಲಿಲ್ಲ. ಪತ್ರಿಕೆಯಲ್ಲಿ ‘ಸೋತು ಗೆದ್ದವರು’ ಎಂದು ದಪ್ಪಕ್ಷರದ ತಲೆಬರಹ. ಯಾರ ಫೋನು ನೋಡಿದರೂ ಅದೇ ವಿಡಿಯೋ. ಶಾಲೆಯೊಂದರಲ್ಲಿ ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಿದರಂತೆ. ನಮ್ಮ ಅಂಗಡಿಗೆ ಬಂದವರೆಲ್ಲ, "ಇಂಥೋರು ಗೆಲ್ಬೇಕಿತ್ತು ನೋಡಿ" ಎಂದು ನಿಟ್ಟುಸಿರು ಬಿಟ್ಟರು. ಅಷ್ಟು ಒಳ್ಳೆಯವರೆಂದು ಅನಿಸಿದ್ದರೆ ಓಟು ಹಾಕಬೇಕಿತ್ತು, ಬೇಡ ಅಂದವರು ಯಾರು? ನಿಟ್ಟುಸಿರು ಬಿಟ್ಟವರೆಲ್ಲ ಓಟು ಹಾಕಿದ್ದರೆ ಮೇಷ್ಟ್ರು ಗೆದ್ದು, ಈ ಭಾಷಣ ಮಾಡುವ ಪಾಡೇ ಬರುತ್ತಿರಲಿಲ್ಲ.

ಕಿವಿಯ ಡಾಕ್ಟರರಂತೂ ತಮ್ಮನ ಕಿವಿಯೊಳಗೆ ಟಾರ್ಚು ಬಿಡುತ್ತಲೇ, "ಮೇಷ್ಟ್ರ ಭಾಷಣ ಕೇಳಿದ್ರಾ? ನಂಗೆ ಕಣ್ಣಲ್ಲಿ ನೀರೇ ಬಂತು" ಎಂದರು. ಆಮೇಲೆ ಟಾರ್ಚು ಆರಿಸಿ, ಈ ಕಿವಿ ಇನ್ನು ಬರುವುದಿಲ್ಲ ಎಂದರು. ಎರಡೂ ಮಾತು ಒಂದೇ ಬಾಯಲ್ಲಿ. ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬರದಿದ್ದರೆ ಆ ಡಾಕ್ಟರಿಗೆ ಇನ್ನೊಂದು ಭಾಷಣ ಕೇಳುವ ಯೋಗವಿತ್ತು.

ಭಾಷಣ ಹೀಗೆ ಬರೀ ಹೊಗಳಿಕೆಯಲ್ಲಿ ಮುಗಿದಿದ್ದರೆ ಹಾಳಾಗಿ ಹೋಗಲಿ ಎಂದು ನಾನೂ ಬಿಟ್ಟುಬಿಡುತ್ತಿದ್ದೆ. ಆದರೆ ಟೈರ್ ಅಂಗಡಿಯವನ ಪರವಾಗಿ ವಕೀಲರೊಬ್ಬರು ಬಂದು, ನಮ್ಮ ಅಂಗಡಿಯ ಕುರ್ಚಿಯಲ್ಲೇ ಕೂತು, "ಯಾರಿಗೂ ಗಾಯ ಆಗಿಲ್ಲ ಅಂತ ನಿಮ್ಮ ನಾಯಕರೇ ಹೇಳಿದ್ದಾರೆ. ಇನ್ನು ನಿಮ್ಮ ಕೇಸನ್ನ ಯಾರು ನಂಬ್ತಾರೆ? ವಾಪಸ್ ತಗೊಳ್ಳಿ" ಎಂದರು. ಹಿಂದೆಯೇ ಬೀದಿಯವರು ಒಬ್ಬೊಬ್ಬರಾಗಿ ಬಂದರು. ಸೋತವರೇ ಎಲ್ಲ ಮರೆತಿರುವಾಗ ಇವನದೇನು ಹಟ ಎಂದು ಎಲ್ಲರ ಪ್ರಶ್ನೆ. ತಮ್ಮನ ಹೆಂಡತಿಯೂ ತಟ್ಟೆ ತೊಳೆಯುತ್ತ, "ಅತ್ತಿಗೆ, ದಿನಾ ಆ ಟೈರ್ ಅಂಗಡಿ ಮುಂದೇನೇ ಓಡಾಡ್ಬೇಕಲ್ಲ, ಹೊಟ್ಟೆಗೆ ಹಾಕ್ಕೊಂಡ್ಬಿಡೋಣ" ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಮನೆ ನಡೆಸಬೇಕು.

ಕೊನೆಗೆ ನಾನೇ ತಮ್ಮನನ್ನು ಎಳೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಓದುವ ಕೋಣೆಯಲ್ಲಿ ಕೂರಿಸಿ ಟೀ ಕೊಟ್ಟರು. ಮೇಜಿನ ತುಂಬ ಅಭಿನಂದನೆಯ ಪತ್ರಗಳು, ಮೇಲೊಂದು ಗೆದ್ದವರಿಂದ ಬಂದ ಹೂಗುಚ್ಛ. ತಮ್ಮ ತಡವರಿಸುತ್ತ ಕೇಳಿದ, "ಮೇಷ್ಟ್ರೇ, ಇನ್ಮೇಲೆ ಮಾತಾಡುವಾಗ ಒಂದೇ ಒಂದು ಮಾತು ಸೇರ್ಸಿ. ನಮ್ಮ ಕಡೆಯೋನೊಬ್ಬನಿಗೆ ಏಟು ಬಿದ್ದಿತ್ತು ಅಂತ. ಅಷ್ಟು ಸಾಕು."

ಮೇಷ್ಟ್ರು ಅವನ ಭುಜ ತಟ್ಟಿದರು. "ಜನ ಎಷ್ಟು ಒಳ್ಳೆ ಮನಸ್ಸಲ್ಲಿದ್ದಾರೆ ನೋಡು. ಈಗ ಅದನ್ನ ಕೆದಕಿದ್ರೆ ಎಲ್ಲ ಕೆಡುತ್ತೆ. ನೀನೂ ಕ್ಷಮಿಸಿಬಿಡು. ದೊಡ್ಡವನಾಗ್ತೀಯ."

ನನಗೆ ತಡೆಯಲಾಗಲಿಲ್ಲ. "ನೀವು ದೊಡ್ಡೋರಾಗೋಕೆ ನನ್ ತಮ್ಮನ ಕಿವೀನೇ ಬೇಕಿತ್ತಾ ಮೇಷ್ಟ್ರೇ? ನಿಮ್ಮ ಸೋಲನ್ನ ನೀವು ಕ್ಷಮಿಸ್ಕೊಳ್ಳಿ. ಅವನ ಕಿವೀನ ಕ್ಷಮಿಸೋಕೆ ನೀವ್ಯಾರು?" ಎಂದೆ.

ಅವರು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಚೆನ್ನಾಗಿರುತ್ತಿತ್ತು. ಮಂದಹಾಸದಿಂದ ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಕೆಲವು ದಿನಗಳಲ್ಲಿ ಊರಿನ ಗಣ್ಯರು ಸೇರಿ ಮೇಷ್ಟ್ರಿಗೆ ಸನ್ಮಾನ ಇಟ್ಟುಕೊಂಡರು. ಸೋತದ್ದಕ್ಕೆ ಸನ್ಮಾನ. ಗೆದ್ದವರೇ ಮುಖ್ಯ ಅತಿಥಿ. ಕೊನೆಯಲ್ಲಿ ಟೈರ್ ಅಂಗಡಿಯವನೂ ನನ್ನ ತಮ್ಮನೂ ವೇದಿಕೆಯ ಮೇಲೆ ಕೈ ಕುಲುಕಬೇಕು, ಮರುದಿನ ಠಾಣೆಗೆ ಹೋಗಿ ದೂರು ವಾಪಸು ಪಡೆಯಬೇಕು ಎಂದು ಅವರೇ ತೀರ್ಮಾನಿಸಿ, ಮೈಕಿನ ಬುಕಿಂಗನ್ನೂ ನಮಗೇ ಕೊಟ್ಟರು. ನಾನು ಬೇಡ ಎಂದೆ. ತಮ್ಮ, "ಸಾಕಾಗಿದೆ ಅಕ್ಕ. ಮುಗಿಸಿಬಿಡ್ತೀನಿ" ಎಂದ. ನಾನು ವೈರು ಸುತ್ತಲು ಕೂತೆ. ಅವತ್ತು ಸುತ್ತಿದ ವೈರೆಲ್ಲ ಗಂಟು ಬಿತ್ತು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಗಣ್ಯರು, ಅವರ ನಡುವೆ ಇಸ್ತ್ರಿ ಅಂಗಿಯಲ್ಲಿ ಟೈರ್ ಅಂಗಡಿಯವನು. ಕೊನೆಯ ಸಾಲಿನಲ್ಲಿ ಎಂದಿನಂತೆ ಕುರ್ಚಿಯವರು. ಅವರ ಪಕ್ಕ ನಾನು, ಒಂದು ಕುರ್ಚಿ ಬಿಟ್ಟು. ತಮ್ಮ ಮೈಕಿನ ಮುಂದೆ ನಿಂತ. ಮೈಕು ಪರೀಕ್ಷೆ ಮಾಡುವವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಜನ ಕುರ್ಚಿ ಎಳೆದಾಡುತ್ತಿದ್ದರು, ಮಾತಾಡುತ್ತಿದ್ದರು.

"ಹಲೋ, ಹಲೋ" ಎಂದ. ಒನ್ ಟೂ ತ್ರೀ ಬರಲಿಲ್ಲ. ಅದೇ ಏರಿಳಿತವಿಲ್ಲದ ದನಿಯಲ್ಲಿ, "ಮೈಕ್ ಟೆಸ್ಟಿಂಗ್. ಮಾರ್ಕೆಟ್ ತಿರುವಲ್ಲಿ ಟೈರ್ ಅಂಗಡಿಯೋನು ಹಾರ್ನಿಂದ ನನ್ನ ಕಿವಿಗೆ ಹೊಡೆದ. ಎಡಗಿವಿ ಹೋಗಿದೆ. ಇನ್ನು ಬರಲ್ಲವಂತೆ. ಗಾಯ ಆಗಿದೆ. ಹಲೋ. ಹಿಂದೆ ಕೂತೋರಿಗೆ ಕೇಳಿಸ್ತಾ?" ಎಂದ.

ಮುಂದಿನ ಸಾಲಿನ ಸಂಘಟಕರೊಬ್ಬರು ಪಕ್ಕದವರ ಜೊತೆ ಮಾತಾಡುತ್ತಲೇ, ಸೌಂಡು ಚೆನ್ನಾಗಿದೆ ಎಂದು ಹೆಬ್ಬೆರಳೆತ್ತಿ ತೋರಿಸಿದರು. ಕೇಳಿಸಿಕೊಂಡವರು ಒಬ್ಬೊಬ್ಬರಾಗಿ ಸುಮ್ಮನಾದರು. ಆ ಮೌನ ಹಿಂದಿನಿಂದ ಮುಂದಕ್ಕೆ ಬಂದಾಗ ಸಂಘಟಕರ ಹೆಬ್ಬೆರಳು ಕೆಳಗಿಳಿಯಿತು. ಟೈರ್ ಅಂಗಡಿಯವನು ಎದ್ದು ಹೊರಗೆ ನಡೆದ. ಏನೇನೋ ಪಿಸುಮಾತು, ಓಡಾಟ. ಮೇಷ್ಟ್ರು ಎದ್ದು ಬಂದು ಮೈಕು ಹಿಡಿದು, ಪ್ರೀತಿಯ ಬಗ್ಗೆ, ಸಹನೆಯ ಬಗ್ಗೆ ಸೊಗಸಾಗಿ ಮಾತಾಡಿದರು. ಗಾಯದ ಸುದ್ದಿಯನ್ನೇ ಎತ್ತಲಿಲ್ಲ, ಆಯಿತು ಎಂದೂ ಇಲ್ಲ, ಆಗಲಿಲ್ಲ ಎಂದೂ ಇಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೈ ಕುಲುಕುವುದು ನಡೆಯಲಿಲ್ಲ, ಆದರೆ ಮನೆಗೆ ಬಂದ ತಮ್ಮ ಮತ್ತೆ ಮೆತ್ತಗಾದ. "ಹೇಳಿದ್ದಾಯ್ತಲ್ಲ ಅಕ್ಕ. ನಾಳೆ ವಾಪಸ್ ತಗೊಂಡು ಬರೋಣ" ಎಂದ.

ಬೆಳಿಗ್ಗೆ ಕುರ್ಚಿಯವರು ಪತ್ರಿಕೆ ಹಿಡಿದುಕೊಂಡು ಅಂಗಡಿಗೆ ಬಂದರು. ಏನೂ ಹೇಳದೆ ಅದನ್ನು ತಮ್ಮನ ಮುಂದಿಟ್ಟರು. ಮೇಷ್ಟ್ರ ದೊಡ್ಡ ಫೋಟೊ, ಮಾತಿನ ವರದಿ, ಹೊಗಳಿಕೆ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ‘ಆರಂಭದಲ್ಲಿ ಧ್ವನಿವರ್ಧಕದ ತಾಂತ್ರಿಕ ತೊಂದರೆಯಿಂದಾಗಿ ಕಾರ್ಯಕ್ರಮ ಕೆಲಕಾಲ ವಿಳಂಬವಾಯಿತು.’

ತಮ್ಮ ಅದನ್ನು ಓದಿ, ಮತ್ತೆ ಓದಿದ. ಏಟು ಬಿದ್ದ ದಿನ, ಕಿವಿ ಹೋಯಿತು ಎಂದ ದಿನ, ಮೇಷ್ಟ್ರ ಮನೆಯಲ್ಲಿ, ಎಲ್ಲೂ ನಾನು ಅವನ ಮುಖದಲ್ಲಿ ಅಂಥ ಸಿಟ್ಟು ಕಂಡಿರಲಿಲ್ಲ. "ನನ್ನ ಸೆಟ್ಟಲ್ಲಿ ತೊಂದ್ರೇನಾ?" ಎಂದು ಚಪ್ಪಲಿ ಮೆಟ್ಟಿ ಹೊರಟ. ನಾನು ಹಿಂದೆ ಓಡಿದೆ. ನನ್ನ ಹಿಂದೆ ಕುರ್ಚಿಯವರು ಬರುತ್ತಿದ್ದುದು ಠಾಣೆಯ ಬಾಗಿಲಲ್ಲೇ ನನಗೆ ಗೊತ್ತಾದದ್ದು.

ಅಧಿಕಾರಿ ವಾಪಸಾತಿಯ ಕಾಗದ ಸಿದ್ಧ ಮಾಡಿಟ್ಟಿದ್ದರು. ತಮ್ಮ ಅದನ್ನು ಅವರ ಕಡೆಗೇ ಸರಿಸಿದ. "ದೂರು ಹಾಗೇ ಇರ್ಲಿ ಸಾರ್. ಇನ್ನೊಂದು ಮಾತು ಬರ್ಕೊಳ್ಳಿ. ನಿನ್ನೆ ನನ್ನ ಸೆಟ್ಟಲ್ಲಿ ಯಾವ ತೊಂದ್ರೇನೂ ಇರ್ಲಿಲ್ಲ."

ಅಧಿಕಾರಿ ನಕ್ಕರು. "ಅದನ್ನ ಪೇಪರ್‌ನೋರಿಗೆ ಹೇಳಪ್ಪ. ಇರ್ಲಿಲ್ಲ ಅನ್ನೋಕೆ ಸಾಕ್ಷಿ ಯಾರು?"

"ನಾನಿದ್ದೀನಿ" ಎಂದರು ಕುರ್ಚಿಯವರು. ತಮ್ಮನ ಎಡಗಡೆ ಬಂದು ನಿಂತಿದ್ದರು. "ಕೊನೇ ಸಾಲಲ್ಲಿ ಕೂತಿದ್ದೆ. ಸ್ಪಷ್ಟವಾಗಿ ಕೇಳಿಸ್ತು."

"ಏನು ಕೇಳಿಸ್ತು?"

ಕುರ್ಚಿಯವರು ಅಲ್ಲಿಗೇ ನಿಲ್ಲಿಸಬಹುದಿತ್ತು. ನೆಲ ನೋಡಿಕೊಂಡು, ಸಣ್ಣ ದನಿಯಲ್ಲಿ, "ಟೈರ್ ಅಂಗಡಿಯೋನು ಇವನಿಗೆ ಹಾರ್ನಲ್ಲಿ ಹೊಡೆದ ಅಂತ ಕೇಳಿಸ್ತು" ಎಂದರು. ಆಮೇಲೆ ತಲೆ ಎತ್ತಿದರು. "ಹೊಡೆದಿದ್ದು ನಿಜ ಸಾರ್. ನಾನು ಕಣ್ಣಾರೆ ನೋಡಿದ್ದೀನಿ. ಅವತ್ತು ಕುರ್ಚಿ ಒರೆಸ್ತಿರ್ಲಿಲ್ಲ."

ಅಧಿಕಾರಿ ನಗು ನಿಲ್ಲಿಸಿ ಪೆನ್ನು ತೆಗೆದುಕೊಂಡರು. ತಮ್ಮ ನನ್ನ ಕಡೆ ತಿರುಗಿ, "ಏನಂದ್ರು ಅಕ್ಕ?" ಎಂದು ಕೇಳಿದ.

ನಾನು ಅವನ ಬಲಗಿವಿಯ ಕಡೆಗೆ ಬಂದು ಹೇಳಿದೆ.