ನನಗೆ ನಾನೇ ಕೊಟ್ಟ ರಜೆ

1986ರಲ್ಲಿ ಆರನೆಯ ಇಯತ್ತೆಗೆ ಶಾಲೆ ಬಿಟ್ಟು, ಬೆಟಗೇರಿಯ ನಮ್ಮ ಮನೆಯ ಮಗ್ಗಕ್ಕೆ ಇಳಿದೆ. ಮಗ್ಗಕ್ಕೇರಿಸಿದ ನೂಲಿಗೆ ನಾವು ಹಾಸು ಅನ್ನುತ್ತೇವೆ. ಹಾಸು ಅರ್ಧಕ್ಕೆ ಬಿಟ್ಟು ನಾನು ಊರು ದಾಟಿದವನಲ್ಲ.

ಇವತ್ತು ಹೆಂಡತಿ ಶಾಂತವ್ವನ ಜೊತೆ ಗದಗಿನ ಪ್ರವಾಸ ಕಚೇರಿಯಲ್ಲಿ ಕುಳಿತಿದ್ದೆ. ಬೇಸಿಗೆಯಲ್ಲಿ ಹೊತ್ತೇ ಮುಳುಗದ ಐಸ್‌ಲ್ಯಾಂಡ್ ನೋಡಬೇಕೆಂಬುದು ಅವಳ ಬಹಳ ದಿನದ ಆಸೆ.

ವೀಸಾ ಕಾಗದ ಜೋಡಿಸುತ್ತಿದ್ದ ಹೆಣ್ಣುಮಗಳು ಕೇಳಿದಳು: "ಕಾಕಾರ, ಮಾಲಕರು ಕೊಟ್ಟ ರಜಾ ಪತ್ರ ಎಲ್ಲೈತ್ರಿ?"

"ಮಾಲಕ ನಾನ ಅದೀನವಾ. ಯಾರ ಕೈಕೆಳಗೂ ದುಡದಾಂವಲ್ಲ."

"ಹಂಗಾರ ನಿಮಗ ನೀವ ರಜಾ ಕೊಟ್ಟು ಸಹಿ ಮಾಡ್ರಿ."

"ಈ ಮಾಲಕರು ಬಾಳ ಕಠಿಣ ಅದಾರವಾ," ನಗುತ್ತ ಅಂದಳು ಶಾಂತವ್ವ. "ಅಲ್ಲಿ ಹೋದ್ರೂ, ಹೊತ್ತ ಮುಳುಗಿಲ್ಲಂತ ಮಗ್ಗ ಹುಡುಕ್ತಾರ."

ಪೆನ್ನು ಹಿಡಿದು, ಮಗ್ಗದ ಮೇಲೆ ಉಳಿದ ನೂಲನ್ನು ಮನಸ್ಸಿನಲ್ಲೇ ಅಳೆದೆ. ಆಮೇಲೆ ಬರೆದೆ: ‘ಹಾಸು ಮುಗಿದ ಮರುದಿನದಿಂದ ಹತ್ತು ದಿನ ರಜೆ.’

"ತಾರೀಖ ಬೇಕ್ರಿ. ಹಾಸು ಅಂದ್ರ ವೀಸಾದವರಿಗೇನ್ ತಿಳೀತೈತಿ?" ಹೆಣ್ಣುಮಗಳು ಅಂದಳು.

"ಇವರ ಹಾಸು ಎಂದೂ ಮುಗಿಯಂಗಿಲ್ಲವಾ," ಶಾಂತವ್ವ ಮೆಲ್ಲಗೆ ಅಂದಳು. "ಒಂದು ಮುಗಿಯೂದ್ರಾಗ ಇನ್ನೊಂದು ಏರಸ್ತಾರ. ನಾನೂ ಅದಕ್ಕ ಕಂಡಿಕಿಗೆ ನೂಲು ಸುತ್ತಕೋತ ಕುಂಡ್ರತೀನಿ."

ಈ ಸಲ ಅವಳು ನಗಲಿಲ್ಲ. ತನ್ನ ಪಾಸ್‌ಪೋರ್ಟನ್ನು ಮೇಜಿನಿಂದ ಎತ್ತಿ, ಸೆರಗಿನಲ್ಲಿ ಸುತ್ತಿಕೊಳ್ಳತೊಡಗಿದಳು.

ನಾನು ಆ ಸಾಲು ಹೊಡೆದುಹಾಕಿ, ವಿಮಾನ ಹೊರಡುವ ತಾರೀಖಿನಿಂದಲೇ ಹತ್ತು ದಿನ ರಜೆ ಎಂದು ಬರೆದು ಸಹಿ ಮಾಡಿದೆ. ಅಂದು ಹಾಸು ಎಷ್ಟು ಉಳಿದಿದ್ದರೂ ಉಳಿದಿರಲಿ.

ಈಗ ನನ್ನಲ್ಲಿ ಎರಡು ಮಗ್ಗ, ಅರ್ಧ ನೇಯ್ದ ಒಂದು ಸೀರೆ, ಹತ್ತು ದಿನದ ರಜೆ ಇವೆ.